ಓಡಿದ ಮೇಲೆ ಮೊಣಕಾಲಿನ ಕೆಳಗೆ ಮೂಳೆ ನೋವು, ಹೊಸ ಶೂ ಹಾಕಿದರೂ ಹೋಗುತ್ತಿಲ್ಲ

ಕೆರೆಏರಿ_ಓಟ:
ಎಲ್ಲರಿಗೂ ನಮಸ್ಕಾರ. ಮೈಸೂರಿನವನು, ವಯಸ್ಸು 34, ದಿನವಿಡೀ ಕುರ್ಚಿಯಲ್ಲಿ ಕೂತು ಮಾಡುವ ಕೆಲಸ. ಏಪ್ರಿಲ್ ಕೊನೆಯಲ್ಲಿ ಬೆಂಗಳೂರಿನಲ್ಲಿ ನಡೆಯುವ 10ಕೆ (10 ಕಿ.ಮೀ.) ಓಟಕ್ಕೆ ಹೆಸರು ಕೊಟ್ಟಿದ್ದೇನೆ. ಇನ್ನು ಒಂಬತ್ತು ವಾರ ಇದೆ. ಡಿಸೆಂಬರ್‌ನಲ್ಲಿ ಕುಕ್ಕರಹಳ್ಳಿ ಕೆರೆ ಸುತ್ತ ಓಡಲು ಶುರು ಮಾಡಿದೆ. ಆಗ ಅರ್ಧ ಸುತ್ತಿಗೇ ಏದುಸಿರು ಬರುತ್ತಿತ್ತು. ಈಗ ಉಸಿರು ಪರವಾಗಿಲ್ಲ, ಕಾಲೇ ಕೈಕೊಟ್ಟಿದೆ.

ಎರಡೂ ಕಾಲಿನಲ್ಲಿ, ಮುಂದಿನ ಮೂಳೆಯ ಒಳಬದಿಗೆ ನೋವು. ಓಟ ಶುರುವಾದಾಗ ಇರುತ್ತದೆ, ಮೈ ಬಿಸಿಯಾದ ಮೇಲೆ ಮಾಯವಾಗುತ್ತದೆ. ಮರುದಿನ ಬೆಳಿಗ್ಗೆ ಮೆಟ್ಟಿಲು ಇಳಿಯುವಾಗ ಮತ್ತೆ ಹಾಜರ್. ಅಂಗಡಿಯವರು ಶೂ ಸರಿಯಿಲ್ಲ ಅಂದರು, ದುಬಾರಿಯದ್ದೇ ತಗೊಂಡೆ. ಏನೂ ವ್ಯತ್ಯಾಸ ಆಗಿಲ್ಲ. ಒಂದು ವಾರ ಬಿಟ್ಟೆ, ಕಡಿಮೆಯಾಯಿತು. ಓಡಿದ ಕೂಡಲೇ ವಾಪಸ್ಸು. ಏನು ಮಾಡಲಿ?

ನಿಧಾನಸ್ಥ:
ಶೂ ಪಕ್ಕಕ್ಕಿಡಿ ಸರ್. ಮೊದಲು ಎರಡು ವಿಷಯ ಹೇಳಿ.

ಒಂದು, ಮೂಳೆಯ ಒಳಅಂಚಿನ ಮೇಲೆ ಬೆರಳಿನಿಂದ ಒತ್ತುತ್ತಾ ಮೇಲಿನಿಂದ ಕೆಳಗೆ ಬನ್ನಿ. ಉದ್ದಕ್ಕೂ ನೋವಾಗುತ್ತದೋ, ಒಂದೇ ಜಾಗದಲ್ಲಿ ಚುಚ್ಚಿದ ಹಾಗೆ ಆಗುತ್ತದೋ? ರಾತ್ರಿ ಮಲಗಿದಾಗಲೂ ನೋವಿದೆಯಾ?

ಎರಡು, ನೋವು ಶುರುವಾಗುವ ಮುಂಚಿನ ಮೂರ್ನಾಲ್ಕು ವಾರದಲ್ಲಿ ಏನು ಬದಲಾಯಿಸಿದಿರಿ? ಏನೂ ಇಲ್ಲ ಅನ್ನಬೇಡಿ, ಏನೋ ಇದ್ದೇ ಇರುತ್ತದೆ.

ಕೆರೆಏರಿ_ಓಟ:
ಒತ್ತಿ ನೋಡಿದೆ. ಪಾದದ ಗಂಟಿನಿಂದ ಸ್ವಲ್ಪ ಮೇಲೆ ಶುರುವಾಗಿ ಸುಮಾರು ಒಂದು ಗೇಣು ಉದ್ದಕ್ಕೂ ನೋವಿದೆ. ಒಂದೇ ಜಾಗ ಅಂತ ಇಲ್ಲ. ರಾತ್ರಿ ಏನೂ ಇಲ್ಲ.

ಬದಲಾಯಿಸಿದ್ದು ಅಂದರೆ, ವಾರಕ್ಕೆ ಮೂರು ದಿನ ಇದ್ದದ್ದನ್ನು ಐದು ಮಾಡಿದೆ. ಭಾನುವಾರ ಸ್ನೇಹಿತರ ಜೊತೆ ಚಾಮುಂಡಿ ಬೆಟ್ಟ. ಮೆಟ್ಟಿಲು ಹತ್ತಿ, ರಸ್ತೆಯಲ್ಲಿ ಓಡಿಕೊಂಡು ಇಳಿಯುತ್ತೇವೆ. ಇಳಿಯುವುದು ಸುಲಭ ಅಲ್ವಾ?

ನಿಧಾನಸ್ಥ:
ಉಸಿರಿಗೆ ಸುಲಭ, ಮೂಳೆಗಲ್ಲ. ಇಳಿಜಾರಿನಲ್ಲಿ ಪ್ರತಿ ಹೆಜ್ಜೆಗೂ ಕಾಲು ಬ್ರೇಕ್ ಹಾಕಬೇಕು. ನಿಮ್ಮ ಉತ್ತರ ಅಲ್ಲೇ ಇದೆ ಅನಿಸುತ್ತದೆ.

ನೀವು ಹೇಳಿದ ಲಕ್ಷಣ ಓಟಗಾರರು ಶಿನ್ ಸ್ಪ್ಲಿಂಟ್ಸ್ ಅನ್ನುವುದಕ್ಕೆ ಸರಿಯಾಗಿ ಹೊಂದುತ್ತದೆ. ಹೊಸ ಓಟಗಾರರಲ್ಲಿ, ಸೈನ್ಯಕ್ಕೆ ಆಗತಾನೆ ಸೇರಿದವರಲ್ಲಿ ಇದು ತುಂಬಾ ಸಾಮಾನ್ಯ. ಇಬ್ಬರದೂ ಒಂದೇ ಕಥೆ: ಕಾಲಿನ ಮೇಲೆ ಬೀಳುವ ಭಾರ ಇದ್ದಕ್ಕಿದ್ದಂತೆ ಏರುತ್ತದೆ.

ಓಡಲು ಶುರು ಮಾಡಿದರೆ ಹೃದಯ, ಶ್ವಾಸಕೋಶ ಕೆಲವೇ ವಾರದಲ್ಲಿ ಪಳಗುತ್ತವೆ. ಮೂಳೆಗೆ ತಿಂಗಳುಗಟ್ಟಲೆ ಬೇಕು. ಅದರಲ್ಲೂ ಒಂದು ತಮಾಷೆ ಇದೆ. ಭಾರ ಬಿದ್ದ ಜಾಗದಲ್ಲಿ ದೇಹ ಮೊದಲು ಹಳೆಯ ಮೂಳೆಯನ್ನು ಸ್ವಲ್ಪ ಕರಗಿಸುತ್ತದೆ, ಹೊಸದನ್ನು ಕಟ್ಟುವುದು ಆಮೇಲೆ. ಹಳೇ ಗೋಡೆ ಕೆಡವಿ ಹೊಸದು ಏಳುವ ಮುಂಚೆ ಮನೆ ಇರುತ್ತದಲ್ಲ, ಹಾಗೆ. ಅಂದರೆ ನಡುವೆ ಕೆಲವು ವಾರ ಮೂಳೆ ಮೊದಲಿಗಿಂತ ಮೆತ್ತಗೆ. ಸರಿಯಾಗಿ ಅದೇ ಹೊತ್ತಿಗೆ ಉಸಿರು ಸಲೀಸಾಗಿರುತ್ತದೆ, ನಾವು ದೂರ ಜಾಸ್ತಿ ಮಾಡುತ್ತೇವೆ.

ಅದಕ್ಕೇ ನಿಮ್ಮ ಒಂದು ವಾರದ ವಿಶ್ರಾಂತಿ ಸಾಲಲಿಲ್ಲ. ನೋವು ಹೋಗಿತ್ತು, ಮೂಳೆ ಇನ್ನೂ ರೆಡಿ ಇರಲಿಲ್ಲ. ಮರಳಿ ಬಂದಾಗ ಅದೇ ಐದು ದಿನಕ್ಕೇ ಬಂದಿರಿ, ಅಲ್ವಾ?

ರಾಗಿಬಲ:
ಗುರು, ಇಷ್ಟೆಲ್ಲಾ ಯಾಕೆ? ಎಣ್ಣೆ ಹಚ್ಚಿ ಗಟ್ಟಿಯಾಗಿ ಉಜ್ಜಿ, ಐಸ್ ಇಡಿ, ಓಡುವ ಮುಂಚೆ ಒಂದು ನೋವಿನ ಮಾತ್ರೆ. ನಮ್ಮ ಗುಂಪಿನಲ್ಲಿ ಎಲ್ಲರೂ ಹೀಗೇ ಮಾಡುವುದು. ಓಟವನ್ನು ವಾರಕ್ಕೆ 10 ಪರ್ಸೆಂಟ್‌ಗಿಂತ ಜಾಸ್ತಿ ಏರಿಸದಿದ್ದರೆ ಮುಗಿಯಿತು.

ಫಿಸಿಯೋ_ಅಕ್ಕ:
ಐಸ್ ಇಡಿ, ತೊಂದರೆಯಿಲ್ಲ. ಬಟ್ಟೆಯಲ್ಲಿ ಸುತ್ತಿ 15 ನಿಮಿಷ. ನೋವು ತಗ್ಗುತ್ತದೆ, ಅಷ್ಟೇ, ಕಾರಣ ಹೋಗುವುದಿಲ್ಲ. ಉಜ್ಜುವುದಾದರೆ ಮೀನಖಂಡವನ್ನು ಉಜ್ಜಿ, ನೋವಿರುವ ಮೂಳೆಯ ಅಂಚನ್ನಲ್ಲ. ಮಾತ್ರೆ ನುಂಗಿ ಓಡುವುದು ಮಾತ್ರ ಬೇಡವೇ ಬೇಡ. ಸಾಕು ನಿಲ್ಲಿಸು ಅಂತ ಹೇಳುವ ನೋವಿನ ಬಾಯಿ ಮುಚ್ಚಿಸಿದ ಹಾಗಾಗುತ್ತದೆ.

10 ಪರ್ಸೆಂಟ್ ಲೆಕ್ಕವನ್ನು ನೆದರ್ಲೆಂಡ್ಸ್‌ನಲ್ಲಿ ಹೊಸ ಓಟಗಾರರ ಮೇಲೆ ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ್ದರು. ಆ ಲೆಕ್ಕದಲ್ಲಿ ಓಡಿದವರಲ್ಲೂ, ಮಾಮೂಲಿ ಕಾರ್ಯಕ್ರಮದಲ್ಲಿ ಓಡಿದವರಲ್ಲೂ ಸರಿಸುಮಾರು ಐವರಲ್ಲಿ ಒಬ್ಬರಿಗೆ ಗಾಯವಾಗಿತ್ತು. ನಿಯಮ ಕೆಟ್ಟದ್ದು ಅಂತಲ್ಲ, ಅದೊಂದೇ ಕಾಪಾಡುವುದಿಲ್ಲ.

ಕೆರೆಏರಿಯವರೇ, ಇವುಗಳಲ್ಲಿ ಯಾವುದು ಕಂಡರೂ ಇಲ್ಲಿ ಕೇಳುತ್ತಾ ಕೂರಬೇಡಿ, ಮೂಳೆ ಡಾಕ್ಟರ ಹತ್ತಿರ ಹೋಗಿ. ನೋವು ಒಂದು ಬೆರಳಿನ ತುದಿಯಷ್ಟು ಜಾಗಕ್ಕೆ ಬಂದು ನಿಲ್ಲುವುದು. ರಾತ್ರಿ ನೋವು. ನಡೆದರೂ ನೋವು. ಇವು ಮೂಳೆಯಲ್ಲಿ ಬಿರುಕು ಬಿಟ್ಟಿರುವ ಲಕ್ಷಣ ಇರಬಹುದು. ಶುರುವಿನ ವಾರಗಳಲ್ಲಿ ಎಕ್ಸ್‌ರೇಯಲ್ಲಿ ಬಿರುಕು ಕಾಣದೇ ಇರಬಹುದು, ಹಾಗಾಗಿ ರಿಪೋರ್ಟ್ ಸರಿಯಿದ್ದರೂ ನೋವು ಹೋಗದಿದ್ದರೆ ಮತ್ತೆ ಹೋಗಿ. ಅನುಮಾನ ಇದ್ದರೆ ಎಂಆರ್‌ಐ ಮಾಡಿಸುತ್ತಾರೆ. ಓಡುವಾಗ ಕಾಲು ಬಿಗಿದು ಪಾದ ಜೋಮು ಹಿಡಿದರೆ ಅದು ಬೇರೆಯೇ ತೊಂದರೆ. ಒಂದೇ ಕಾಲಿನ ಮೀನಖಂಡ ಊದಿ ಬಿಸಿಯಾದರೆ ಅದೇ ದಿನ ತೋರಿಸಿ, ರಕ್ತ ಹೆಪ್ಪುಗಟ್ಟಿರಬಹುದು.

ಇದನ್ನು ಓದುತ್ತಿರುವ ಹೆಣ್ಣುಮಕ್ಕಳಿಗೆ ಒಂದು ಮಾತು. ಓಟ ಜಾಸ್ತಿ, ಊಟ ಕಮ್ಮಿಯಾಗಿ ಮುಟ್ಟು ನಿಂತಿದ್ದರೆ ಮೂಳೆ ನೋವನ್ನು ಹಗುರವಾಗಿ ತಗೊಳ್ಳಬೇಡಿ.

ಕೆರೆಏರಿ_ಓಟ:
ಥ್ಯಾಂಕ್ಸ್ ಮೇಡಂ, ಸದ್ಯಕ್ಕೆ ಅವು ಯಾವುವೂ ಇಲ್ಲ. ಹಾಗಾದರೆ ಓಟ ಪೂರ್ತಿ ನಿಲ್ಲಿಸಬೇಕಾ?

ನಿಧಾನಸ್ಥ:
ಸ್ವಲ್ಪ ದಿನ, ಹೌದು. ತಾರೀಖು ನೋಡಿ ಮರಳಬೇಡಿ, ಕಾಲು ನೋಡಿ ಮರಳಿ. ಅರ್ಧ ಗಂಟೆ ಬಿರುಸಾಗಿ ನಡೆದರೆ ನೋವಿರಬಾರದು. ಮೂಳೆ ಒತ್ತಿದರೆ ನೋವಿರಬಾರದು. ಒಂಟಿ ಕಾಲಲ್ಲಿ ಹತ್ತು ಸಲ ಕುಪ್ಪಳಿಸಿದರೂ ನೋವಿರಬಾರದು. ಅಲ್ಲಿಯವರೆಗೆ ಸೈಕಲ್ ತುಳಿಯಿರಿ, ಈಜಿ. ಉಸಿರಿನ ತಯಾರಿ ಕೆಡುವುದಿಲ್ಲ.

ಈ ದಿನಗಳಲ್ಲೇ ಮೀನಖಂಡ ಗಟ್ಟಿ ಮಾಡಿ. ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ, ನಿಧಾನವಾಗಿ ಇಳಿಸಿ. 15ರಂತೆ ಮೂರು ಸಲ, ದಿನ ಬಿಟ್ಟು ದಿನ. ಆಮೇಲೆ ಮಂಡಿ ಸ್ವಲ್ಪ ಬಗ್ಗಿಸಿಕೊಂಡು ಅದನ್ನೇ ಮಾಡಿ. ಇದನ್ನು ಎಲ್ಲರೂ ಬಿಡುತ್ತಾರೆ, ಆದರೆ ಒಳಗಿನ ಸೋಲಿಯಸ್ ಸ್ನಾಯುವಿಗೆ ಕೆಲಸ ಸಿಗುವುದು ಇದರಲ್ಲೇ. ಸಲೀಸಾದ ಮೇಲೆ ಒಂಟಿ ಕಾಲಲ್ಲಿ. ಮಾಡುವಾಗ ಮೂಳೆ ನೋವು ಬಂದರೆ ನಿಲ್ಲಿಸಿ. ಸ್ಟ್ರೆಚಿಂಗ್ ಮಾಡಿದರೆ ಹಿತ, ಆದರೆ ಅದರಿಂದಲೇ ಈ ನೋವು ತಪ್ಪುತ್ತದೆ ಅಂತ ನಂಬಿ ಕೂರಬೇಡಿ.

ಮರಳಿದಾಗ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಹತ್ತು ಸಲ. ದಿನ ಬಿಟ್ಟು ದಿನ, ಕೆರೆಯ ಮಣ್ಣುದಾರಿಯಲ್ಲೇ. ಮರುದಿನ ಬೆಳಿಗ್ಗೆ ಮೆಟ್ಟಿಲು ಇಳಿಯುವಾಗ ನೋವಿಲ್ಲದಿದ್ದರೆ ಮಾತ್ರ ಮುಂದಿನ ಸಲ ಓಟದ ಪಾಲು ಸ್ವಲ್ಪ ಹೆಚ್ಚಿಸಿ. ನೋವಿದ್ದರೆ ಒಂದು ಮೆಟ್ಟಿಲು ಹಿಂದೆ. ಮೊದಲು ದೂರ, ವೇಗ ಆಮೇಲೆ.

ಹೆಜ್ಜೆಯನ್ನೂ ನೋಡಿಕೊಳ್ಳಿ. ಕಾಲು ತೀರಾ ಮುಂದೆ ಚಾಚಿ ಹಾಕುತ್ತಿದ್ದರೆ ಹೆಜ್ಜೆ ಚಿಕ್ಕದು ಮಾಡಿ. ನಿಮಿಷಕ್ಕೆ 160 ಹೆಜ್ಜೆ ಬೀಳುತ್ತಿದ್ದರೆ 168 ಮಾಡಿದರೆ ಸಾಕು. ಎಲ್ಲರಿಗೂ 180 ಬೇಕು ಅನ್ನುವುದು ಸುಮ್ನೆ ಹಬ್ಬಿರುವ ಮಾತು.

ಕೆರೆಏರಿ_ಓಟ:
ಬೆಟ್ಟ? ಸ್ನೇಹಿತರು ಬಿಡುವುದಿಲ್ಲ. ಮತ್ತೆ 10ಕೆ ಕಥೆ?

ಫಿಸಿಯೋ_ಅಕ್ಕ:
ನೋವಿಲ್ಲದೆ ಅರ್ಧ ಗಂಟೆ ಬಿಡದೆ ನಡೆಯುವಂತಾದ ಮೇಲೆ ಮೆಟ್ಟಿಲು ಹತ್ತಿ. ಇಳಿಯುವಾಗ ಬಸ್ಸು. ಓಡಿಕೊಂಡು ಇಳಿಯುವುದು ಏಪ್ರಿಲ್ ಆದ ಮೇಲೆ.

10ಕೆ ಬಿಡಬೇಕಿಲ್ಲ. ಮಾರ್ಚ್ ಕೊನೆಗೆ ಓಟ-ನಡಿಗೆ ಸೇರಿ 5 ಕಿ.ಮೀ. ನೋವಿಲ್ಲದೆ ಆದರೆ, ಅದೇ ಓಟ-ನಡಿಗೆಯಲ್ಲಿ 10 ಮುಗಿಸಬಹುದು. ಆಗದಿದ್ದರೆ ಈ ವರ್ಷ ಟೀ ಶರ್ಟ್ ತಗೊಂಡು ಬನ್ನಿ.