ಮುಂಜಾನೆ 6ಕ್ಕೆ ಕೆಲಸ ಅಂದರೆ ಹೆಣ್ಣಾಳು ಬರಂಗಿಲ್ಲ, ಏನ್ ಮಾಡೋದು?

ಜಮಖಂಡಿ_ಕಬ್ಬು:
ಏಪ್ರಿಲ್-ಮೇದಾಗ ನಮ್ಮ ಬಾಗಲಕೋಟೆ, ವಿಜಯಪುರದ ಸರ್ಕಾರಿ ಕಚೇರಿಗಳೇ 8ರಿಂದ 1.30ರ ತನಕ ನಡಿತಾವ. ಹೊಲದಾಗೂ 6ರಿಂದ 11ಕ್ಕ ಮುಗಿಸೋಣ ಅಂದ್ರ ಗಂಡಾಳು ಹ್ಞೂಂ ಅಂತಾರ, ಹೆಣ್ಣಾಳು 9ರ ಒಳಗ ಬರಂಗಿಲ್ಲ. ಕಬ್ಬಿನಾಗ ಕಸ ತೆಗಸೋದೈತಿ, ಎಣ್ಣಿ (ಕೀಟನಾಶಕ) ಹೊಡಸೋದೈತಿ. ಹೆಂಗ ಹೊಂದಸೋದ್ರಿ?

ಮುಧೋಳ_ಹೊಲಮನಿ:
6ಕ್ಕೆ ಬರಬೇಕೆಂದರೆ ನೀರು ತುಂಬಿ, ರೊಟ್ಟಿ ಬಡಿದು, ಬುತ್ತಿ ಕಟ್ಟಲು ಅವರು 3.30ಕ್ಕೇ ಏಳಬೇಕು ಸರ್. ಹೊಲಕ್ಕೆ ಬರುವಷ್ಟರಲ್ಲಿ ಒಲೆ ಮುಂದೆ ಒಂದು ಸಲ ಬೆವರಿಳಿದಿರುತ್ತದೆ. ಮೊದಲೇ ಬಡಿದಿಟ್ಟ ಖಡಕ್ ರೊಟ್ಟಿ ಇರುವ ಮನೆಯವರಿಗೆ ಬೆಳಗಿನ ನಾಷ್ಟಾ ನೀವೇ ಕೊಟ್ಟರೆ 7ಕ್ಕೆ ಬರಬಹುದು. 7ರಿಂದ 11.30, ಪೂರ್ತಿ ಕೂಲಿ. ಸಂಜೆ ಪಾಳಿಗೆ ಕರೆಯಬೇಡಿ, ಆಗಲೂ ಅಡುಗೆ ಅವರದೇ. ಸಾಲಿನ ಲೆಕ್ಕದ ಗುತ್ತಿಗೆಯಂತೂ ಬೇಡವೇ ಬೇಡ. ಸಾಲು ಮುಗಿಸುವ ಗಡಿಬಿಡಿಯಲ್ಲಿ ಯಾರೂ ನೆರಳಿಗೆ ಕೂರುವುದಿಲ್ಲ.

ಎದೆಮಟ್ಟ ಬೆಳೆದ ಕಬ್ಬಿನೊಳಗೆ ಗಾಳಿಯಾಡದು. ನೀರು ಹಾಯಿಸಿದ ಮರುದಿನವಂತೂ ಬರೀ ಹಬೆ. ಗರಿ ಕೊಯ್ಯದಿರಲೆಂದು ಪಾಲಿಯೆಸ್ಟರ್ ಸೀರೆ ಮೇಲೆ ತುಂಬುತೋಳಿನ ಅಂಗಿ ಬೇರೆ. ಬೆವರು ಆರಿದರಷ್ಟೇ ಮೈ ತಣಿಯುವುದು. ಅಲ್ಲಿ ಅದು ಆರುವುದೇ ಇಲ್ಲ. ನೆಲ ಒಣಗಿದ ಮೇಲೆ, 10ರೊಳಗೆ ಒಳಸಾಲು ಮುಗಿಸಿ, ಬದುವಿನ ಕೆಲಸ ಆಮೇಲೆ ಇಟ್ಟುಕೊಳ್ಳಿ. ಅಂಗಿ ಹತ್ತಿಬಟ್ಟೆಯದ್ದೇ ಆಗಿರಲಿ.

ಇಂಡಿ_ಆರೋಗ್ಯ:
ನೀರಿಟ್ಟರೂ ಹೆಂಗಸರು ಕುಡಿಯುವುದಿಲ್ಲ, ಮರೆಗೆ ಹೋಗಲು ಜಾಗವಿಲ್ಲವಲ್ಲ. ಉರಿಮೂತ್ರ ಶುರುವಾಗುವುದೇ ಹೀಗೆ. ನಾಲ್ಕು ಗಳ ನೆಟ್ಟು ಹಳೆ ಶೇಡ್ ನೆಟ್ ಎರಡು ಪದರ ಸುತ್ತಿ, ಒಂದು ಬಕೆಟ್ ನೀರಿಡಿ. ಮುಟ್ಟಿನ ದಿನಗಳಲ್ಲೂ ಅನುಕೂಲ. 20 ನಿಮಿಷಕ್ಕೊಂದು ಲೋಟ ಅಂದರೆ 10 ಜನರಿಗೆ ನಾಲ್ಕು ತಾಸಿಗೆ ಸುಮಾರು 30 ಲೀಟರ್ ಬೇಕು. ತಲೆ ಸುತ್ತಿದವರಿಗೆ ಓಆರ್‌ಎಸ್. ಪ್ಯಾಕೆಟ್ ಇಲ್ಲದಿದ್ದರೆ ಲೀಟರ್ ನೀರಿಗೆ ಆರು ಮಟ್ಟಸ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಬಸುರಿಯರನ್ನು ಬಿಸಿಲಿಗೆ ಇಳಿಸಲೇಬೇಡಿ.

ತಿಕೋಟಾ_ದ್ರಾಕ್ಷಿ:
ಗಂಡಾಳುಗಳ ಅಪಾಯ ಬೇರೆ. ರಾತ್ರಿ ಪಂಪ್‌ಸೆಟ್ಟಿನ ತ್ರೀಫೇಸ್ ಕರೆಂಟ್ ಬಂದಾಗ ನೀರು ಹಾಯಿಸಿ, ನಿದ್ದೆಗೆಟ್ಟು, ಮುಂಜಾನೆ 16 ಲೀಟರಿನ ಪಂಪು ಬೆನ್ನಿಗೇರಿಸುತ್ತಾರೆ. ನಿದ್ದೆಗೆಟ್ಟ ಮೈ ಬಿಸಿಲು ತಡೆಯದು. ರಾತ್ರಿ ನೀರು ಬಿಟ್ಟವರಿಗೆ ಮರುದಿನ ಸ್ಪ್ರೇ ಬೇಡ. ಸೆಕೆ ಅಂತ ಮಾಸ್ಕ್, ಕೈಗವಸು ತೆಗೆದರೆ ಬೆವತ ಚರ್ಮ ವಿಷವನ್ನು ಇನ್ನೂ ಬೇಗ ಹೀರುತ್ತದೆ. ಆದ್ದರಿಂದ 9ರೊಳಗೆ ಹೊಡೆದು ಮುಗಿಸಿ.

ಜಮಖಂಡಿ_ಕಬ್ಬು:
ಹೊಡಿಯೋದು ಕ್ಲೋರೋಪೈರಿಫಾಸ್ ರೀ. ಬಿದ್ದವನಿಗೆ ಬಿಸಿಲು ಬಡದೈತೋ ಎಣ್ಣಿ ಏರೈತೋ, ಹೆಂಗ ಗೊತ್ತಾಗ್ತದ?

ಇಂಡಿ_ಆರೋಗ್ಯ:
ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿ, ಜೊಲ್ಲು ಸುರಿಯುತ್ತಿದ್ದರೆ ವಿಷ: ಕೈಗವಸು ಹಾಕಿಕೊಂಡು ಬಟ್ಟೆ ಬಿಚ್ಚಿ, ಸೋಪಿನಿಂದ ಮೈ ತೊಳೆಯಿರಿ, ಎಣ್ಣೆಯ ಡಬ್ಬಿಯನ್ನು ಆಸ್ಪತ್ರೆಗೆ ಜೊತೆಗೊಯ್ಯಿರಿ. ಮೈ ಸುಡುತ್ತಿದ್ದು ಮಾತು ತಡವರಿಸಿದರೆ ಬಿಸಿಲು: ನೆರಳಿಗೊಯ್ದು ಮೈತುಂಬ ನೀರು ಸುರಿದು ಗಾಳಿ ಹಾಕಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ. ಯಾವುದೆಂದು ತಿಳಿಯದಿದ್ದರೂ ಮೊದಲು 108ಕ್ಕೆ ಫೋನ್ ಮಾಡಿ.