ಸ್ಕಾಟ್ಲೆಂಡಿನ ಹಳೆ ಲಾರಿ ಕಂಪನಿಗಳನ್ನು ಮುಳುಗಿಸಿದ್ದು ರಾಷ್ಟ್ರೀಕರಣವಾ?

ಬಂದರು_ಗೂಡ್ಸ್ (ಮಂಗಳೂರು):
ಗ್ಲಾಸ್ಗೋದ ಆಲ್ಬಿಯನ್ ಲಾರಿಗಳ ಹಳೆ ಫೋಟೋ ಸೇರಿಸ್ತಾ ಇದ್ದೇನೆ. ಮೊದಲಿನವುಗಳಲ್ಲಿ ಬಾಗಿಲ ಮೇಲೆ ಮಾಲಕರ ಮನೆತನದ ಹೆಸರು ಉಂಟು. ನಂತರದವು ಎಲ್ಲ ಕೆಂಪು ಬಣ್ಣ, ಬ್ರಿಟಿಷ್ ರೋಡ್ ಸರ್ವಿಸಸ್ (ಸರ್ಕಾರಿ ಲಾರಿ ಸಂಸ್ಥೆ) ಅಂತ ಬರಹ. ಸರ್ಕಾರ ವಹಿಸಿಕೊಂಡದ್ದೇ ಅವರ ಕತೆ ಮುಗಿಯಲು ಕಾರಣವಾ? ತಾರೀಕಿಲ್ಲದ ಫೋಟೋದ ಕಾಲ ಗುರುತಿಸುವುದು ಹೇಗೆ?

ಪಣಂಬೂರು_ಟ್ರೇಲರ್:
ಮೊದಲು ನಂಬರ್ ಪ್ಲೇಟ್ ನೋಡಿ. ಆರ್‌ಜಿ ಅಂದರೆ ಅಬರ್ಡೀನ್, ಟಿಎಸ್ ಡಂಡೀ, ಯುಎಸ್ ಗ್ಲಾಸ್ಗೋ. ಮೂರು ಅಕ್ಷರ ಇದ್ದರೆ ಕೊನೆಯ ಎರಡೇ ಊರಿನದ್ದು. ನಂಬರಿನ ಕೊನೆಗೆ ಸಿ ಇದ್ದರೆ 1965, ಡಿ ಇದ್ದರೆ 1966. ಅದು ನೋಂದಣಿಯ ವರ್ಷ ಮಾತ್ರ, ಫೋಟೋ ತೆಗೆದ ವರ್ಷ ಅಲ್ಲ. ಹಿಂದೆ "20" ಅಂತ ಬರೆದ ಬಿಲ್ಲೆ ಇದ್ದರೆ ಫೋಟೋ ಹೆಚ್ಚಾಗಿ 1957ಕ್ಕಿಂತ ಮೊದಲಿನದು. ಭಾರೀ ಲಾರಿಗೆ ಗಂಟೆಗೆ 20 ಮೈಲಿ ಮಿತಿ ಇದ್ದದ್ದು ಅಲ್ಲಿವರೆಗೆ.

ಆ ಮಿತಿಯ ಲೆಕ್ಕ ಹಾಕಿ ನೋಡಿ ಮಾರಾಯ್ರೆ. ಅಬರ್ಡೀನಿನಿಂದ ಲಂಡನ್‌ಗೆ ಮೀನು ಹೊತ್ತು ಸುಮಾರು 540 ಮೈಲಿ, ಅಂದರೆ 27 ಗಂಟೆ ಸ್ಟಿಯರಿಂಗ್. ಒಬ್ಬ ಡ್ರೈವರ್‌ಗೆ ದಿನಕ್ಕೆ 11 ಗಂಟೆ ಮಾತ್ರ. ಕಾನೂನು ಪಾಲಿಸಿದರೆ ಮೂರನೇ ದಿನ ಮಾರುಕಟ್ಟೆ ಮುಟ್ಟುತ್ತದೆ, ಅಷ್ಟರಲ್ಲಿ ಐಸ್ ನೀರಾಗಿರುತ್ತದೆ. ಹಾಗಾಗಿ ದಾರಿಯಲ್ಲಿ ಡ್ರೈವರ್ ಬದಲಿಸಬೇಕು, ಇಲ್ಲವೇ ಲಾಗ್ ಶೀಟ್ ಸುಳ್ಳು ಬರೆಯಬೇಕು. 1930ರ ದಶಕದಲ್ಲಿ ಖಾಲಿ ತೂಕ ಎರಡೂವರೆ ಟನ್ ಒಳಗಿದ್ದರೆ 30 ಮೈಲಿಗೆ ಅವಕಾಶ ಇತ್ತು. ಅದಕ್ಕೇ ಹಗುರ ಚಾಸಿ ತಕ್ಕೊಂಡು ಹೆಚ್ಚು ಹೇರುವುದು. ಮೊದಲು ಸ್ಪ್ರಿಂಗ್ ಪ್ಲೇಟ್ ಮುರಿಯುತ್ತಿತ್ತು, ಮತ್ತೆ ಟೈರ್.

ಮಲ್ಪೆ_ಐಸ್‌ಗಾಡಿ:
ಕಾರಣ ರಾಷ್ಟ್ರೀಕರಣವೇ. 1947ರ ಕಾಯ್ದೆಯಲ್ಲಿ ದೂರದ ಸಾಗಾಟವೇ ಮುಖ್ಯ ಕಸುಬಾಗಿದ್ದವರ ಲಾರಿಗಳು ಸರ್ಕಾರಕ್ಕೆ ಹೋದವು. ಉಳಿದವರಿಗೆ ಶೆಡ್‌ನಿಂದ 25 ಮೈಲಿ ದಾಟಲು ಪರ್ಮಿಟ್ ಬೇಕಾಯಿತು. ಆ ಸುತ್ತಳತೆಯಲ್ಲಿ ಲೋಡೇ ಇಲ್ಲದ ಸ್ಕಾಟ್ಲೆಂಡಿನ ಹಳ್ಳಿ ಮಾಲಕನಿಗೆ ಬೇರೆ ಶಿಕ್ಷೆ ಬೇಕಾ?

ಪಡುಬಿದ್ರಿ_ಬೈಪಾಸ್:
ಪೆಟ್ಟು ಹೌದು, ಕೊನೆಯ ಪೆಟ್ಟಲ್ಲ. 1953ರ ಕಾಯ್ದೆ ಬಂದು ಲಾರಿಗಳು ಮತ್ತೆ ಮಾರಾಟಕ್ಕೆ ನಿಂತವು. ಕೊಂಡವರು ಹಣ ಕೊಟ್ಟದ್ದು ಸವೆದ ಎಂಜಿನ್‌ಗಲ್ಲ, ಅದರ ಜೊತೆ ಬರುವ ಎ ಲೈಸೆನ್ಸ್‌ಗೆ, ಅಂದರೆ ಬೇರೆಯವರ ಸರಕನ್ನು ಬಾಡಿಗೆಗೆ ಸಾಗಿಸುವ ಪರವಾನಗಿಗೆ. 1933ರಿಂದ ಹೊಸಬ ಲೈಸೆನ್ಸ್ ಕೇಳಿದರೆ ಹಳೆ ಮಾಲಕರೂ ರೈಲ್ವೆಯವರೂ ಆಕ್ಷೇಪ ಹಾಕಬಹುದಿತ್ತು. ಈ ಕಂಪನಿಗಳು ಬೆಳೆದದ್ದು ಅಂಥ ಬೇಲಿಯೊಳಗೆ. 1968ರ ಕಾಯ್ದೆ ಬೇಲಿ ಕಿತ್ತಿತು. ಗಾಡಿ ಸುಸ್ಥಿತಿಯಲ್ಲಿದ್ದು ಹೆಸರು ಕೆಡದಿದ್ದರೆ ಯಾರಿಗೂ ಲೈಸೆನ್ಸ್, ಬಾಡಿಗೆ ಇಳಿಯದೆ ಇರುತ್ತದಾ?

ಆಮೇಲೆ ಲೋಡೇ ಹೋಯಿತು. ಲಿನ್‌ವುಡ್ ಕಾರು ಕಾರ್ಖಾನೆ 1981ರಲ್ಲಿ, ಬಾತ್‌ಗೇಟ್ ಲಾರಿ ಕಾರ್ಖಾನೆ 1986ರಲ್ಲಿ, ರೇವನ್ಸ್‌ಕ್ರೇಗ್ ಉಕ್ಕು 1992ರಲ್ಲಿ ಬಾಗಿಲು ಹಾಕಿದವು. ಉಕ್ಕು ಹೊರಲೆಂದೇ ಮಾಡಿಸಿದ ಫ್ಲ್ಯಾಟ್ ಟ್ರೇಲರ್‌ಗೆ ಸೂಪರ್‌ಮಾರ್ಕೆಟ್ ಸಾಮಾನು ಹೇರಲಿಕ್ಕಾಗುವುದಿಲ್ಲ. 2010ರಲ್ಲಿ ಅದಿರು ರಫ್ತು ನಿಂತಾಗ ನಮ್ಮ ಪಣಂಬೂರು ರಸ್ತೆಯ ಟಿಪ್ಪರ್‌ಗಳಿಗೆ ಆದದ್ದೂ ಇದೇ.

ಲೀತ್‌ನ ಕ್ರಿಶ್ಚಿಯನ್ ಸಾಲ್ವೆಸನ್ ತಿಮಿಂಗಿಲ ಬೇಟೆ ಬಿಟ್ಟು ಕೋಲ್ಡ್ ಸ್ಟೋರೇಜ್, ಸಾಗಾಟಕ್ಕೆ ಇಳಿದು ದೊಡ್ಡದಾಯಿತು. ಅದನ್ನೂ 2007ರಲ್ಲಿ ಫ್ರಾನ್ಸಿನ ನಾರ್ಬರ್ ದಾಂತ್ರೆಸಾಂಗ್ಲ್ ಕೊಂಡಿತು.

ಪಣಂಬೂರು_ಟ್ರೇಲರ್:
ಡಬ್ಲ್ಯು. ಎಚ್. ಮಾಲ್ಕಮ್ ಮಾತ್ರ ಇನ್ನೂ ಓಡುತ್ತಾ ಉಂಟು. ಗ್ರೇಂಜ್‌ಮೌತ್‌ನಿಂದ ದಕ್ಷಿಣಕ್ಕೆ ಕಂಟೇನರನ್ನು ರೈಲಿಗೆ ಕೊಟ್ಟು, ಎರಡೂ ತುದಿಯಲ್ಲಿ ತಮ್ಮ ಲಾರಿ ಹಚ್ಚುತ್ತಾರೆ. ಸುರತ್ಕಲ್‌ನಲ್ಲಿ ಕೊಂಕಣ ರೈಲ್ವೆಯವರು ಲಾರಿಯನ್ನೇ ವ್ಯಾಗನ್‌ಗೆ ಹತ್ತಿಸುತ್ತಾರಲ್ಲ, ಇದು ಅದಕ್ಕಿಂತ ವಾಸಿ. ಚಾಸಿಯ ತೂಕಕ್ಕೂ ಡ್ರೈವರ್ ಕೂತಿರುವುದಕ್ಕೂ ಬಾಡಿಗೆ ತೆರಬೇಕಾಗಿಲ್ಲ.