ದಾಂಡೇಲಿಗೂ ಡ್ಯಾಂಡಿಲಯನ್‌ಗೂ ಏನ್ ಸಂಬಂಧ?

ರವಿವಾರ ಮುಂಜಾನೆ ನಮ್ಮ ಮನಿ ಗುಂಪಿನೊಳಗ ನಡದದ್ದು. ಕಾಕಾ ಬೈದ್ರೂ ಅಡ್ಡಿಯಿಲ್ಲ, ಇದ್ದಂಗ ಹಾಕ್ಲಿಕ್ಕತ್ತೀನಿ.

ಕಾಕಾ: 🌼 *ನಿಮಗಿದು ಗೊತ್ತೇ?* ದಾಂಡೇಲಿಗೆ ಹೆಸರಿಟ್ಟವರು ಬ್ರಿಟಿಷರು! ಅಲ್ಲಿ ಅವರ ದೇಶದ ಡ್ಯಾಂಡಿಲಯನ್ ಹೂವು ಅರಳುತ್ತಿತ್ತು. ಡ್ಯಾಂಡಿ ಎಂದರೆ ಚೆಲುವ, ಲಯನ್ ಎಂದರೆ ಸಿಂಹ. ಚೆಲುವ ಸಿಂಹ! ಹತ್ತು ಜನರಿಗೆ ಕಳಿಸಿ 🙏

ಮಾಮಾ: ವಾ! 👌👌

ಪುಟ್ಟಿ ಜರ್ಮನಿ: ಕಾಕಾ, ಎರಡೂ ಸುಳ್ಳು ಅವ.

ಕಾಕಾ: ನಾವು ಕಳಿಸಿದ್ದೆಲ್ಲಾ ಸುಳ್ಳೇ ನಿಮಗ. ಖರೇ ಏನದ ನೀನ ಹೇಳು.

ಪುಟ್ಟಿ ಜರ್ಮನಿ: ಡ್ಯಾಂಡಿ ಅಲ್ರಿ. ಫ್ರೆಂಚಿನ "ದಾಂ ದ ಲಿಯೋಂ" ಇಂಗ್ಲಿಷರ ಬಾಯಾಗ ಹಂಗಾಗೇದ. ಸಿಂಹದ ಹಲ್ಲು ಅಂತ ಅರ್ಥ. ಅದೂ ಹೂವಿಗಲ್ಲ, ಎಲಿಗೆ ಬಂದ ಹೆಸರು. ಜರ್ಮನ್ನಾಗ "ಲೋವೆನ್‌ತ್ಸಾನ್", ಅದೂ ಸಿಂಹದ ಹಲ್ಲೇ. ಸ್ಪೇನಿನವರೂ ಹಂಗೇ ಅಂತಾರ.

(ಫೋಟೋ)

ಪುಟ್ಟಿ ಜರ್ಮನಿ: ಈಗ ಕೆಳಗಿಳಿದು ಕಿತ್ತದ್ದು. ಅಂಚು ನೋಡ್ರಿ, ಗರಗಸದಂಗ. ಹಲ್ಲೆಲ್ಲಾ ಬುಡದ ಕಡೆ ತಿರಗ್ಯಾವ.

ಮೌಶಿ: ಅಯ್ಯ, ಥೇಟ್ ಹಕ್ಕರಕಿ ಕಂಡಂಗ ಕಾಣ್ತದಲ್ಲ!

ಪುಟ್ಟಿ ಜರ್ಮನಿ: ಹತ್ತಿರದ ಬಳಗಾನೇ ಮೌಶಿ. ಇದನ್ನೂ ಮುರದ್ರ ಹಾಲು ಬರ್ತದ. ಎಳೀ ಎಲಿ ಹಸೀದ ತಿಂತಾರ, ಸ್ವಲ್ಪ ಕಹಿ. ರೊಟ್ಟಿ ಒಂದಿಲ್ಲ ಅಷ್ಟ.

ಕಾಕಾ: ಒಂದು ನಿಮಿಷ. ಫ್ರೆಂಚರ ಹೆಸರಾದ್ರ ಫ್ರಾನ್ಸಿನಾಗ ಈಗೂ ಹಂಗೇ ಅನ್ನಬೇಕಲ್ಲ?

ಪುಟ್ಟಿ ಜರ್ಮನಿ: ಅಲ್ಲೆ ಈಗ ಬಳಕಿಯೊಳಗ ಬ್ಯಾರೆ ಹೆಸರದ. ಪಿಸಾಂಲಿ.

ಕಾಕಾ: ಅಂದ್ರ?

ಪುಟ್ಟಿ ಜರ್ಮನಿ: ಬ್ಯಾಡ ಬಿಡ್ರಿ. ಅಜ್ಜಿ ಓದ್ತಾರ.

ತಮ್ಮ: ಹಾಸಿಗ್ಯಾಗ ಉಚ್ಚಿ ಹೊಯ್ಯೋದು 😂😂

(ತಮ್ಮ ಈ ಮೆಸೇಜ್ ಅಳಿಸಿದ್ದಾನೆ)

ಅಜ್ಜಿ: ಅಳಸಿದ್ರೇನು, ನಾ ಓದೀನಿ. ಹಂಗಾದ್ರ ಅದು ನಿಮ್ಮ ಕಾಕಾನ ಹೂ. ಮೂರನೇತ್ತ ಮುಗಿಯೋತನಕ ದಿನಾ ಚಾದರ ಒಗದೀನಿ.

ಕಾಕಾ: ಅವ್ವಾ!!!

ನಾನು: 🙈

ಪುಟ್ಟಿ ಜರ್ಮನಿ: ಕಾಕಾ, ಹೆಸರಿನ ಹಿಂದ ಕಾರಣ ಅದ. ಉಚ್ಚಿ ಕಟ್ಟಿದ್ರ ಇದನ್ನ ಔಷಧಿ ಅಂತ ಕೊಡ್ತಿದ್ರು. ಇಂಗ್ಲಿಷರ ಹಳ್ಳಿ ಮಾತಿನ್ಯಾಗೂ ಇಂಥಾದ್ದ ಒಂದು ಹೆಸರಿತ್ತು. ಇನ್ನ ಸತ್ತವರ ಬಗ್ಗೆ ಫ್ರೆಂಚರು ಏನಂತಾರ ಗೊತ್ತೇನು? "ಪಿಸಾಂಲೀನ ಬೇರಿನ ಕಡಿಂದ ತಿನ್ಲಿಕ್ಕತ್ತಾನ" ಅಂತಾರ.

ಮಾಮಾ: ಇದು ಮಾತಪ್ಪಾ!

ಪುಟ್ಟಿ ಜರ್ಮನಿ: ಸ್ವೀಡನ್ನಾಗ ಇದ "ಹುಳದ ಗುಲಾಬಿ", ಡೆನ್ಮಾರ್ಕಿನಾಗ "ಹಾಲಿನ ಬಕೆಟ್ಟು". ಮಜಾ ಅಂದ್ರ ಜರ್ಮನ್ ಹುಡುಗರು ಇದು ಹಳದಿ ಇದ್ದಾಗ ಒಂದು ಹೆಸರು, ಬೆಳ್ಳಗ ಬೀಜ ಆದಮ್ಯಾಲೆ ಇನ್ನೊಂದು ಹೆಸರು ಹೇಳ್ತಾರ: "ಪುಸ್ಟೆಬ್ಲೂಮ", ಊದೋ ಹೂ. ನಾವು ಎಕ್ಕಿ ಬೀಜದ ಹತ್ತಿ ಊದ್ತಿದ್ವಲ್ಲ, ಹಂಗ. ಎಷ್ಟು ಸಲ ಊದಿದ್ರ ಪೂರಾ ಬೋಳಾಗ್ತದೋ ಅಷ್ಟು ತಾಸಾಗೇದ ಅಂತ ಇಂಗ್ಲಿಷ್ ಹುಡುಗರ ಲೆಕ್ಕ.

ಮೌಶಿ: ನಮ್ಮ ಮನಿ ಗಡಿಯಾರಕ್ಕಿಂತ ವಾಸಿ.

ಕಾಕಾ: ಎಲ್ಲಾರೂ ದಾಂಡೇಲಿ ಮರತ್ರಿ. ಅದರ ಮಾತೇನು?

ಮಾಮಾ: ದಾಂಡೇಲ್ಯಾಗ ಆರು ವರ್ಷ ನೌಕರಿ ಮಾಡೀನಿ. ದಂಡೇಲಪ್ಪನ ಗುಡಿ ಅದ, ಊರಿಗೆ ಅವನ ಹೆಸರೇ ಬಂದದ ಅಂತ ಅಲ್ಲಿ ಮಂದಿ ಹೇಳ್ತಾರ. ಬಿದಿರು ನೋಡೀನಿ, ಸಾಗವಾನಿ ನೋಡೀನಿ, ಕಾಳಿ ಹೊಳ್ಯಾಗ ಮೊಸಳಿ ನೋಡೀನಿ. ಈ ಹೂ ಒಂದು ದಿನಾನೂ ಕಂಡಿಲ್ಲ.

ಕಾಕಾ: ಮತ್ತ ಮೊದಲಿಗೆ 👌 ಯಾಕ ಹಾಕಿದಿ?

ಮಾಮಾ: ಓದಿರಲಿಲ್ಲೋ.

ತಮ್ಮ: ಕಾಕಾ, ಮೊದಲನೇ ಮೆಸೇಜ್ ಅಳಸ್ರಿ.

ಕಾಕಾ: ಈಗಾಗ್ಲೇ ಮೂರು ಗುಂಪಿಗೆ ಕಳಿಸೀನಿ. ರಿಟೈರ್ಡ್ ಮಂದಿ ಗುಂಪಿನ್ಯಾಗ ಹದಿನಾಲ್ಕು ಹೂ ಬಂದಾವ. ಅಲ್ಲಿ ಏನಂತ ಹೇಳ್ಲಿ?

ಪುಟ್ಟಿ ಜರ್ಮನಿ: ಪಿಸಾಂಲಿ ಕಥಿ ಹೇಳ್ರಿ.

ಕಾಕಾ: 😡

ಅಜ್ಜಿ: ಪುಟ್ಟಿ, ಆ ಎಲಿ ಇನ್ನೂ ಎಳೀದದ ಏನ? ಶೇಂಗಾ ಹಿಂಡಿ ಕಳಿಸ್ಲೇನು?